ಅವ್ವ ನೋಡಿದ ದೆವ್ವದ ಸಿನಿಮಾ

ನಮ್ಮ ಮನೆಗೆ ಬಂದವರು ಯಾರಾದರೂ ಕತ್ತೆತ್ತಿ ಅಟ್ಟದ ಕಡೆ ನೋಡಿದರೆ ನನಗೆ ಅವರ ಮೇಲೆ ಅನುಮಾನ ಶುರುವಾಗುತ್ತದೆ. ಕಾಫಿ ಕುಡಿಯಲು ಬಂದವರಿಗೆ ಅಟ್ಟದಲ್ಲೇನು ಕೆಲಸ? ತಿಪಟೂರು ಸೀಮೆಯಲ್ಲಿ ಈ ರೋಗ ನನಗೊಬ್ಬನಿಗೇ ಇರುವುದೇನಲ್ಲ. ಇಲ್ಲಿ ತೆಂಗಿನ ತೋಟವಿದ್ದ ಮನೆಗಳ ಅಟ್ಟದ ಮೇಲೆ ವರ್ಷದ ದುಡಿಮೆ ಮಲಗಿರುತ್ತದೆ. ಕಿತ್ತ ಕಾಯಿಯನ್ನು ಮಟ್ಟೆ ಸಮೇತ ಮೇಲೆ ಹಾಕಿ, ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿಯಾಗುವವರೆಗೆ ತಿಂಗಳುಗಟ್ಟಲೆ ಕಾಯುವವರು ನಾವು. ಈ ಸಲ ಅಟ್ಟಕ್ಕೆ ಎಷ್ಟು ಹಾಕಿದ್ದೀರಿ ಎಂದು ಕೇಳಿದವನು ವ್ಯಾಪಾರಿಯಾದರೆ ಬೆಲೆ ಇಳಿಸಲು ಬಂದಿದ್ದಾನೆ, ನೆಂಟನಾದರೆ ಹೆಣ್ಣು ಕೇಳಲು ಬಂದಿದ್ದಾನೆ, ಪಕ್ಕದ ತೋಟದವನಾದರೆ ಕಣ್ಣು ಹಾಕಲು ಬಂದಿದ್ದಾನೆ. ಹೀಗೆಂದು ನಮ್ಮಪ್ಪ ನಂಬಿದ್ದರು, ನಾನೂ ನಂಬಿದ್ದೇನೆ.

ಆದರೆ ನನ್ನ ಹೆದರಿಕೆ ಕಾಯಿಯದಲ್ಲ. ನಮ್ಮೂರು ಬಿಳಿಗೆರೆಯ ಮನೆಯ ಅಟ್ಟದಲ್ಲಿ ಕಾಯಿರಾಶಿಯ ಪಕ್ಕ, ಹಳೆಯ ಪಂಚೆಯಲ್ಲಿ ಸುತ್ತಿ ಗೋಡೆಗೆ ಒರಗಿಸಿದ ಕಾಗದದ ಸುರುಳಿಗಳಿವೆ. ಎಲ್ಲವೂ ದೆವ್ವದ ಸಿನಿಮಾಗಳ ಹಳೆಯ ಪೋಸ್ಟರುಗಳು. ಜೊತೆಗೆ ಮುಚ್ಚಿಹೋದ ಟಾಕೀಸುಗಳಿಂದ ತಂದ ಒಂದು ಗಾಜಿನ ಶೋಕೇಸು, ಅದರಲ್ಲಿ ಗುಂಡುಪಿನ್ನು ಚುಚ್ಚಿ ಅಂಟಿಸುತ್ತಿದ್ದ ಫೋಟೋಗಳು, ರಟ್ಟಿನಲ್ಲಿ ಕತ್ತರಿಸಿದ ಒಂದು ಮೋಹಿನಿಯ ತಲೆ. ಕೆಳಗಿನ ಒಲೆಯ ಹೊಗೆ ಏರುವುದರಿಂದ ಅಲ್ಲಿಗೆ ಗೆದ್ದಲು ಬರುವುದಿಲ್ಲ, ಕಾಗದ ತಿನ್ನುವ ಹುಳುವೂ ಬರುವುದಿಲ್ಲ. ಮನೆಯಲ್ಲಿ ದೆವ್ವಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಊರಿನವರು ಮೊದಮೊದಲು ನಾನು ಮಾಟ ಕಲಿಯುತ್ತಿದ್ದೇನೆ ಎಂದುಕೊಂಡರು. ಒಂದು ವರ್ಷ ಕಾಯಿ ಕಡಿಮೆಯಾದಾಗ ನನ್ನ ಹೆಂಡತಿ ಗಿರಿಜಾ ಅಟ್ಟದ ಕಡೆ ನೋಡಿದ ನೋಟವನ್ನು ನಾನು ಮರೆತಿಲ್ಲ. ಅವಳು ಏನೂ ಹೇಳಲಿಲ್ಲ. ಹೇಳದೇ ಇದ್ದದ್ದೇ ನನಗೆ ಅನುಮಾನ.

ನಾನು ತಿಪಟೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು. ಮರ್ಯಾದಸ್ಥ. ಅಂಥವನಿಗೆ ಈ ಹುಚ್ಚು ಯಾಕೆ ಹಿಡಿಯಿತು ಎಂದು ಕೇಳಿದರೆ, ಅದಕ್ಕೆ ನಾನು ಹುಟ್ಟುವುದಕ್ಕಿಂತ ಹಿಂದಕ್ಕೆ ಹೋಗಬೇಕು.

ನನ್ನ ಬುದ್ಧಿ ಮೊದಲಿನಿಂದಲೂ ಅನುಮಾನದ್ದು. ಹಾಲು ಕುಡಿಸಲು ಬಂದರೆ ಲೋಟದೊಳಗೆ ಬಗ್ಗಿ ನೋಡುತ್ತಿದ್ದೆನಂತೆ. ಮಿಠಾಯಿ ಕೊಟ್ಟರೆ ಯಾಕೆ ಕೊಡುತ್ತಿದ್ದೀರಿ ಎಂದು ಕೇಳುತ್ತಿದ್ದೆನಂತೆ. ಅಪ್ಪನ ತಾಯಿ, ಅಂದರೆ ನಮ್ಮಜ್ಜಿ, ಇದಕ್ಕೆ ಒಂದು ಕಾರಣ ಕಂಡುಹಿಡಿದಿದ್ದಳು. ನಾನು ಹೊಟ್ಟೆಯಲ್ಲಿದ್ದಾಗ ಅವ್ವ ಹೆರಿಗೆಗೆಂದು ತವರಿಗೆ, ಶೆಟ್ಟಿಕೆರೆಗೆ ಹೋಗಿದ್ದಳು. ಅಲ್ಲಿಗೆ ಟೆಂಟ್ ಸಿನಿಮಾ ಬಂದಿತ್ತು. ಅವ್ವ ತನ್ನ ತಂಗಿಯ ಜೊತೆ ಹೋಗಿ ದೆವ್ವದ ಸಿನಿಮಾ ನೋಡಿಬಂದಳು. ಬಸುರಿ ಹೆಂಗಸು ದೆವ್ವ ನೋಡಿದರೆ ಹುಟ್ಟುವ ಕೂಸು ಇನ್ನು ಹೇಗಿದ್ದೀತು? ಯಾರು ಮನೆಗೆ ಬಂದರೂ ಅಜ್ಜಿ ನನ್ನನ್ನು ಮುಂದೆ ನಿಲ್ಲಿಸಿಕೊಂಡು ಈ ಕಥೆ ಹೇಳುತ್ತಿದ್ದಳು. ಅವ್ವ ಒಳಗೆ ರೊಟ್ಟಿ ತಟ್ಟುತ್ತಾ ಕೇಳಿಸಿಕೊಳ್ಳುತ್ತಿದ್ದಳೇ ಹೊರತು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ದೆವ್ವಗಳ ಮೇಲೆ ನನಗೆ ಅಷ್ಟೇನೂ ನಂಬಿಕೆ ಇರಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಅಪ್ಪ ತಿಪಟೂರಿನ ಸಂತೆಗೆ ಕರೆದುಕೊಂಡು ಹೋದಾಗಲೆಲ್ಲ ಟಾಕೀಸಿನ ಶೋಕೇಸಿನ ಮುಂದೆ ನಿಲ್ಲುತ್ತಿದ್ದೆ. ಒಂದು ಸಲ ಬಿಳಿ ಸೀರೆಯ ದೆವ್ವವೊಂದು ದೀಪ ಹಿಡಿದು ನಿಂತ ಫೋಟೋ ಹಾಕಿದ್ದರು. ಎಲ್ಲ ಹುಡುಗರೂ ಅದರ ಕಣ್ಣು ನೋಡಿ ಹಿಂದೆ ಸರಿದರೆ ನಾನು ಅದರ ಕೈ ನೋಡಿದೆ. ರಿಸ್ಟ್ ವಾಚು ಇತ್ತು. ಸತ್ತವಳಿಗೆ ಟೈಮು ಯಾಕೆ ಬೇಕು ಎಂದು ಗಟ್ಟಿಯಾಗಿ ಕೇಳಿದ್ದಕ್ಕೆ ಟಿಕೆಟ್ ಹರಿಯುವವನು ನನ್ನನ್ನು ಅಲ್ಲಿಂದ ಓಡಿಸಿದ. ಶಾಲೆಯಲ್ಲಿ ಹೇಳಿದರೆ ಆ ಸಿನಿಮಾ ನೋಡಿ ಜ್ವರ ಬರಿಸಿಕೊಂಡಿದ್ದ ಗೆಳೆಯರೆಲ್ಲ ಸೇರಿ ನನಗೆ ಗುದ್ದಿದರು. ಹೆದರಿಕೊಂಡವರ ಹೆದರಿಕೆಯನ್ನು ಕಸಿದುಕೊಂಡರೆ ಅವರಿಗೆ ಕೋಪ ಬರುತ್ತದೆ ಎಂದು ಆಗಲೇ ಗೊತ್ತಾಯಿತು.

ಅಟ್ಟದ ದೆವ್ವಕ್ಕೆ ಮಾತ್ರ ನಾನೂ ಹೆದರುತ್ತಿದ್ದೆ. ಮಕ್ಕಳು ಅಟ್ಟ ಹತ್ತಿ ಕಾಯಿ ಕೆದಕಬಾರದೆಂದು ಈ ಸೀಮೆಯ ಎಲ್ಲ ಮನೆಗಳಲ್ಲೂ ಮೇಲೊಂದು ದೆವ್ವ ಇದೆ ಎಂದು ಹೇಳುತ್ತಿದ್ದರು. ಇಲಿ ಓಡಾಡಿ ಒಣಗಿದ ಕಾಯಿಯೊಂದು ಉರುಳಿದರೆ ಒಳಗಿನ ಗಿಟುಕು ಕೊಬ್ಬರಿ ಗಡಗಡ ಅನ್ನುತ್ತಿತ್ತು. ಕೆಳಗೆ ಕಂಬಳಿಯೊಳಗೆ ನನ್ನ ಹಲ್ಲೂ ಗಡಗಡ ಅನ್ನುತ್ತಿದ್ದವು. ಅದು ಇಲಿ ಎಂದು ಗೊತ್ತಿತ್ತು. ಆದರೂ ಇಲಿಯೇ ಎಂದು ಯಾರು ಮೇಲೆ ಹೋಗಿ ನೋಡಿದ್ದಾರೆ ಎಂಬ ಅನುಮಾನ ಇದ್ದೇ ಇತ್ತು.

ಇರಲಿ, ಪೋಸ್ಟರಿಗೆ ಬರುತ್ತೇನೆ. ಅವ್ವ ನೋಡಿದ್ದು ಯಾವ ಸಿನಿಮಾ? ಹೆಸರು ಅವಳಿಗೆ ನೆನಪಿಲ್ಲ. ಹೆಸರು ಓದಲು ಯಾರು ಹೋಗಿದ್ದರು ಅನ್ನುತ್ತಿದ್ದಳು. ನನ್ನ ಸ್ವಭಾವವನ್ನೇ ಹೀಗೆ ಮಾಡಿದ ಆ ದೆವ್ವದ ಮುಖವನ್ನು ಒಂದು ಸಲ ನೋಡಬೇಕೆಂಬ ಆಸೆ ನನಗೆ ಮದುವೆಯಾದ ಮೇಲೆ ಜಾಸ್ತಿಯಾಯಿತು. ಗಿರಿಜಾ ಜಗಳದಲ್ಲಿ ಅಜ್ಜಿಯ ಕಥೆಯನ್ನೇ ತೆಗೆದು ನನ್ನ ಮೇಲೆ ಎಸೆಯಲು ಶುರು ಮಾಡಿದ್ದೂ ಒಂದು ಕಾರಣ. ಹಾಗಾಗಿ ಸಿಕ್ಕಸಿಕ್ಕ ಹಳೆಯ ದೆವ್ವದ ಪೋಸ್ಟರನ್ನೆಲ್ಲ ತರುವುದು, ಅವ್ವನ ಮುಂದೆ ಬಿಚ್ಚುವುದು. ಅವಳು ಇದಲ್ಲ ಅನ್ನುವುದು. ನಾನು ಸುತ್ತಿ ಅಟ್ಟಕ್ಕೆ ಹಾಕುವುದು. ಸಂಗ್ರಹ ಅಂತ ದೊಡ್ಡ ಹೆಸರು ಹೇಳಿಕೊಂಡು ಓಡಾಡುತ್ತೇನೆ. ನಿಜವಾಗಿ ನೋಡಿದರೆ ಅವೆಲ್ಲ ಅವ್ವ ಬೇಡವೆಂದ ದೆವ್ವಗಳು.

ಪೋಸ್ಟರು ಕೊಳ್ಳುವುದು ಅನುಮಾನದವರಿಗೇ ಹೇಳಿಮಾಡಿಸಿದ ಕಸುಬು. ಗುಜರಿ ಅಂಗಡಿಯ ಮಂಜಣ್ಣ ಹೊಸದಾಗಿ ಅಚ್ಚು ಹಾಕಿಸಿದ್ದನ್ನು ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ, ಒಣಗಿಸಿ, ಐವತ್ತು ವರ್ಷದ ಹಿಂದಿನದು ಎಂದು ಆಣೆ ಹಾಕಿ ಕೊಟ್ಟಿದ್ದ. ನಾನು ಅಂಗಡಿಯ ಭೂತಗನ್ನಡಿ ಹಿಡಿದು ನೋಡಿದೆ. ಹಳೆಯ ಕಾಗದ ಮಡಿಕೆಯಲ್ಲಿ ಸವೆದು ಬೆಳ್ಳಗಾಗಿರಬೇಕು, ಇದರಲ್ಲಿ ಮಡಿಕೆಯೇ ಹೆಚ್ಚು ಕಂದು. ಮಂಜಣ್ಣ ನಕ್ಕು ಒಪ್ಪಿಕೊಂಡು ಚಹಾ ತರಿಸಿದ. ಅದನ್ನೂ ನಾನು ಅನುಮಾನದಿಂದಲೇ ಕುಡಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಗಾದೆಯನ್ನು ನಾನು ಅಂಗಡಿಯ ಗೋಡೆಗೆ ಬರೆಸಬೇಕೆಂದಿದ್ದೆ. ಕನ್ನಡಕ ಮಾರುವ ಜಾಗದಲ್ಲಿ ಆ ಮಾತು ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂದು ಬಿಟ್ಟೆ.

ಅದರ ಬದಲು ಗೋಡೆಗೆ ತೂಗುಹಾಕಿದ್ದು ಒಂದು ಟಾಕೀಸಿನ ತಗಡಿನ ಬೋರ್ಡು. ‘ಗರ್ಭಿಣಿಯರು ಮತ್ತು ಹೃದಯ ದೌರ್ಬಲ್ಯ ಉಳ್ಳವರು ಈ ಚಿತ್ರ ನೋಡಬಾರದು.’ ದೆವ್ವದ ಸಿನಿಮಾ ಬಂದಾಗ ಬಾಗಿಲಲ್ಲಿ ನಿಲ್ಲಿಸುತ್ತಿದ್ದ ಬೋರ್ಡು. ಅದನ್ನು ಓದಿದವರು ಕಣ್ಣಿನ ಪರೀಕ್ಷೆಗೆ ಕೂರಲು ಹಿಂದೆಮುಂದೆ ನೋಡತೊಡಗಿದ ಮೇಲೆ ಗಿರಿಜಾ ಅದನ್ನು ಇಳಿಸಿ ಮನೆಗೆ ಸಾಗಿಸಿದಳು. ನಾನು ತಂದ ಸಾಮಾನುಗಳಲ್ಲಿ ಅವ್ವ ಗುರುತು ಹಿಡಿದದ್ದು ಅದೊಂದನ್ನೇ. ಇಂಥದ್ದೊಂದು ಬಾಗಿಲಲ್ಲಿ ಇತ್ತು, ಇದನ್ನು ನೋಡಿದ್ದೀನಿ ಎಂದಳು. ಅವಳ ನೆನಪು ಗಟ್ಟಿಯಾಗಿದೆ ಎಂದು ನಾನು ಹಿಗ್ಗಿದೆ.

ಬೆಂಗಳೂರಿನಿಂದ ಒಬ್ಬರು ಇಂಥದ್ದನ್ನೇ ಕೂಡಿಡುವವರು ಬಂದಿದ್ದರು. ಅಟ್ಟ ಹತ್ತುತ್ತೇನೆಂದರು, ಹೊರಗಿನವರನ್ನು ಅಟ್ಟಕ್ಕೆ ಹತ್ತಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದು ಒಂದೊಂದನ್ನೇ ಕೆಳಗೆ ತಂದು ತೋರಿಸಿದೆ. ಅವರು ಮೂಗು ಸುಕ್ಕಿಸಿ, ಎಲ್ಲ ಚೆನ್ನಾಗಿವೆ, ಆದರೆ ಹೊಗೆ ಮತ್ತು ಕೊಬ್ಬರಿ ಎಣ್ಣೆಯ ವಾಸನೆ ಬಹಳ ಹೊಡೆಯುತ್ತಿದೆಯಲ್ಲ ಎಂದರು. ನಾನು ಮೂಸಿ ನೋಡಿದೆ. ಏನೂ ಇರಲಿಲ್ಲ. ಗಿರಿಜಾಳಿಗೂ ಬರಲಿಲ್ಲ. ಬೆಲೆ ಇಳಿಸುವ ಹೊಸ ಉಪಾಯ ಎಂದು ತೀರ್ಮಾನಿಸಿ, ಊಟ ಹಾಕಿ, ಏನೂ ಕೊಡದೆ ಕಳಿಸಿದೆ. ಕೊಬ್ಬರಿಯ ನಡುವೆ ಹುಟ್ಟಿ ಬೆಳೆದ ಮೂಗಿಗೆ ಕೊಬ್ಬರಿ ವಾಸನೆ ಗೊತ್ತಾಗುವುದಿಲ್ಲ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಈ ನಡುವೆ ಅವ್ವನ ಕಣ್ಣು ಮಂಜಾಗುತ್ತಾ ಬಂತು. ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಇದು ಕಣ್ಣಿನ ನರವೇ ಒಣಗುವ ಕಾಯಿಲೆ. ಹೋದ ದೃಷ್ಟಿ ಬರುವುದಿಲ್ಲ, ಇರುವುದನ್ನು ಹನಿ ಹಾಕಿ ಉಳಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದರು. ಊರಿಗೆಲ್ಲ ಕನ್ನಡಕ ಹಾಕಿದವನು ನಾನು. ಅಂಗಡಿಯಲ್ಲಿದ್ದ ಯಾವ ಗಾಜೂ ಅವ್ವನಿಗೆ ಉಪಯೋಗವಿರಲಿಲ್ಲ. ಆ ದಿನ ನನಗೆ ಬಹಳ ದುಃಖವಾಯಿತು. ಆಮೇಲೆ ಒಂದೇ ಹಟ ಹಿಡಿಯಿತು. ಅವ್ವನ ಕಣ್ಣು ಪೂರ್ತಿ ಹೋಗುವ ಮೊದಲು ಆ ಸಿನಿಮಾದ ಪೋಸ್ಟರು ಸಿಗಬೇಕು, ಅವಳು ಅದನ್ನು ನೋಡಿ ಇದೇ ಅನ್ನಬೇಕು. ಅವಳು ಹೇಳದಿದ್ದರೆ ಇನ್ನು ಹೇಳುವವರು ಯಾರು?

ಹುಡುಕಾಟ ಜೋರಾಯಿತು. ತುರುವೇಕೆರೆ, ಮಾಯಸಂದ್ರ, ಚಿಕ್ಕನಾಯಕನಹಳ್ಳಿ, ಹೀಗೆ ಯಾವ ಊರಿನಲ್ಲಿ ಹಳೆಯ ಟಾಕೀಸು ಕೆಡವುತ್ತಾರೆಂದರೂ ಅಂಗಡಿಗೆ ಬೀಗ ಹಾಕಿ ಹೊರಡುತ್ತಿದ್ದೆ. ತಂದದ್ದನ್ನು ಜಗುಲಿಯಲ್ಲಿ ಅವ್ವನ ಮುಂದೆ ಹಿಡಿದರೆ ಅವಳು ಅಂಚನ್ನು ಬೆರಳಲ್ಲಿ ಸವರಿ, ಮುಖವನ್ನು ಕಾಗದಕ್ಕೆ ತಾಗುವಷ್ಟು ಹತ್ತಿರ ತಂದು, ಇದಲ್ಲ ಅನ್ನುತ್ತಿದ್ದಳು. ಅಷ್ಟು ಹತ್ತಿರ ಹಿಡಿದರೆ ಇನ್ನೂ ಕಾಣಿಸುತ್ತದೆ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಗಿರಿಜಾ ಒಪ್ಪಲಿಲ್ಲ. ಅತ್ತೆ ಈಗ ಅಕ್ಕಿ ಆರಿಸುವುದಿಲ್ಲ, ಬಾಗಿಲಿಗೆ ಬಂದವರು ಮಾತಾಡುವವರೆಗೆ ಯಾರೆಂದು ಹೇಳುವುದಿಲ್ಲ, ಅವರಿಗೆ ಏನೂ ಕಾಣುತ್ತಿಲ್ಲ ಎಂದು ಅವಳ ವಾದ. ಅವ್ವನನ್ನು ಕೇಳಿದರೆ, ಕಾಣ್ತೈತೆ ಬುಡು ಅನ್ನುತ್ತಿದ್ದಳು. ಯಾರನ್ನು ನಂಬುವುದು? ನನ್ನ ಸ್ವಭಾವಕ್ಕೆ ತಕ್ಕಂತೆ ಒಂದು ಪರೀಕ್ಷೆ ಮಾಡಿದೆ. ಮಂಜಣ್ಣನಿಂದ ತಂದ ಹೊಸ ಪೋಸ್ಟರುಗಳ ನಡುವೆ, ಹಿಂದೆ ಯಾವಾಗಲೋ ತೋರಿಸಿ ಅಟ್ಟಕ್ಕೆ ಹಾಕಿದ್ದ ಒಂದನ್ನು ಸೇರಿಸಿ ಹಿಡಿದೆ. ಮೊದಲಿನವಕ್ಕೆಲ್ಲ ಇದಲ್ಲ ಎಂದ ಅವ್ವ ಅದು ಬಂದ ಕೂಡಲೇ, ಇದು ಹಳೇದಲ್ವಾ, ಆಗಲೇ ತೋರಿಸಿದ್ದೆ ಎಂದುಬಿಟ್ಟಳು. ನಾನು ಗೆದ್ದವನ ಹಾಗೆ ಒಳಗೆ ಹೋಗಿ ಗಿರಿಜಾಳಿಗೆ ಹೇಳಿದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಾ, “ನೀವು ಮಾಡಿದ ಪರೀಕ್ಷೆ ಮೇಲೆ ನಿಮಗೆ ಅನುಮಾನ ಬರಲ್ಲ ನೋಡ್ರೀ” ಎಂದಳು.

ಹೀಗಿರುವಾಗ ಶೆಟ್ಟಿಕೆರೆಯಿಂದ ಚಿಕ್ಕವ್ವ ಫೋನು ಮಾಡಿದಳು. ಅವ್ವನ ತಂಗಿ, ಟೆಂಟಿಗೆ ಜೊತೆಯಲ್ಲಿ ಹೋಗಿದ್ದವಳು. ತವರಿನ ಹಳೆಯ ಮನೆಯನ್ನು ಸೋದರಮಾವ ಬಿಚ್ಚಿಸುತ್ತಿದ್ದ. ಅಟ್ಟದ ಬಾಗಿಲ ಒಳಮೈಗೆ ಮೊಳೆ ಹೊಡೆದಿದ್ದ ಒಂದು ದೆವ್ವದ ಪೋಸ್ಟರು ಸಿಕ್ಕಿತಂತೆ. ಮಕ್ಕಳು ಅಟ್ಟದ ಬಾಗಿಲು ತೆಗೆದರೆ ಎದುರಿಗೇ ದೆವ್ವ ಕಾಣಲಿ ಎಂದು ತಾತ ಟೆಂಟಿನವರನ್ನು ಕೇಳಿ ತಂದು ಹೊಡೆದದ್ದು. ನಾನು ಯಾವ್ಯಾವುದೋ ಟಾಕೀಸಿನ ಅವಶೇಷಗಳಲ್ಲಿ ಅಲೆದಾಡುತ್ತಿದ್ದರೆ ಅದು ಅಷ್ಟೂ ವರ್ಷ ನಮ್ಮವರದೇ ಅಟ್ಟದಲ್ಲಿತ್ತು.

ಮರುದಿನವೇ ಬಸ್ಸು ಹತ್ತಿದೆ. ಪೋಸ್ಟರು ಹೊಗೆಗೆ ಕಪ್ಪಿಟ್ಟಿತ್ತು, ನಾಲ್ಕು ಮೂಲೆಗಳಲ್ಲೂ ಮೊಳೆಯ ತೂತು. ಹೆಸರಿದ್ದ ಕೆಳಭಾಗವನ್ನು ಇಲಿ ತಿಂದಿತ್ತು. ಆದರೆ ಚಿತ್ರ ಉಳಿದಿತ್ತು. ಬಾವಿಯ ಕಟ್ಟೆಯ ಮೇಲೆ ಕೈಯೂರಿ ಮೇಲೆ ಬರುತ್ತಿರುವ ಹೆಂಗಸು, ಹಸಿರು ಮುಖ, ಒಂದು ಕಣ್ಣಿನ ಮೇಲೆ ಒದ್ದೆ ಕೂದಲು, ಹಿಂದೆ ಎತ್ತುಗಳಿಲ್ಲದ ಒಂದು ಗಾಡಿ. ಇಂಥದ್ದು ನನ್ನ ಸಂಗ್ರಹದಲ್ಲಿ ಇನ್ನೊಂದಿಲ್ಲ. ಭೂತಗನ್ನಡಿ ತೆಗೆದೆ, ಅಚ್ಚು ನೋಡಿದೆ, ಮಡಿಕೆ ನೋಡಿದೆ. ಇದೇ ಎಂದು ನಿನಗೆ ಹೇಗೆ ಗೊತ್ತು ಎಂದು ಚಿಕ್ಕವ್ವನನ್ನು ಹಿಂದೆಮುಂದೆ ಪ್ರಶ್ನೆ ಮಾಡಿದೆ. ಈ ಗಾಡಿ ತಾನೇ ಉರುಳಿಕೊಂಡು ಬಂದಾಗ ಚೀರಿದ್ದು ನಾನೇ ಕಣೋ ಎಂದಳು. ಅವ್ವನೂ ಚೀರಿದಳಾ ಎಂದರೆ ಬಾಯಿಗೆ ಸೆರಗು ಹಿಡಿದು ನಕ್ಕು, ನಿಮ್ಮವ್ವನ್ನೇ ಕೇಳಿಕೋ ಎಂದಳು. ಆ ನಗು ನನಗೆ ಸರಿ ಕಾಣಲಿಲ್ಲ. ಬಸ್ಸಿನಲ್ಲಿ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಆ ನಗುವನ್ನೇ ತಿರುಗಿಸಿ ತಿರುಗಿಸಿ ನೋಡಿದೆ.

ಮನೆಗೆ ಬಂದಾಗ ಮಧ್ಯಾಹ್ನ. ಅವ್ವ ಜಗುಲಿಯ ಕಂಬಕ್ಕೆ ಒರಗಿ ಕುಳಿತಿದ್ದಳು. ಎಲ್ಲಿಂದ ತಂದೆ, ಏನು ಎತ್ತ ಎಂದು ನಾನು ಹೇಳಲಿಲ್ಲ. ತಾನಾಗಿ ನೋಡಿ ಇದೇ ಅನ್ನಲಿ ಎಂಬ ಆಸೆ. ಬಿಸಿಲು ಚೆನ್ನಾಗಿ ಬೀಳುವ ಕಡೆ ಪೋಸ್ಟರನ್ನು ಬಿಚ್ಚಿ ಹಿಡಿದೆ. ಗಿರಿಜಾ ಬಾಗಿಲಲ್ಲಿ ಬಂದು ನಿಂತಳು.

ಅವ್ವ ಅಂಚು ಸವರಿದಳು. ಮುಖ ಹತ್ತಿರ ತಂದಳು.

“ಇದನ್ನ ಆಗ್ಲೇ ತೋರ್ಸಿದ್ದೆ ಕಣಪ್ಪ,” ಎಂದಳು. “ಇದಲ್ಲ.”

ಯಾವಾಗ ತೋರಿಸಿದ್ದೆ ಎಂದು ಕೇಳಿದೆ.

“ಯಾವಾಗ್ಲೋ. ಅಟ್ಟದ ವಾಸ್ನೆ ಬತ್ತೈತಲ್ಲ. ಹೊಸ್ದಾಗಿ ತಂದಿದ್ದಾದ್ರೆ ಗುಜರಿ ಅಂಗ್ಡಿ ವಾಸ್ನೆ ಬತ್ತೈತೆ.”

ನಾನು ಗಿರಿಜಾಳ ಮುಖ ನೋಡಿದೆ. ಅವಳು ತಲೆ ತಗ್ಗಿಸಿದಳು. ಪರೀಕ್ಷೆಯಲ್ಲಿ ಅವ್ವನಿಗೆ ಹಳೆಯದರ ಗುರುತು ಸಿಕ್ಕಿದ್ದು ಹೇಗೆಂದು ಆಗ ತಿಳಿಯಿತು. ಕಣ್ಣು ಹೋದಂತೆಲ್ಲ ಅವಳ ಮೂಗು ಚುರುಕಾಗಿತ್ತು. ಬೆಂಗಳೂರಿನವರು ಸುಳ್ಳು ಹೇಳಿರಲಿಲ್ಲ. ಜಗತ್ತಿನ ಮೇಲೆಲ್ಲ ಅನುಮಾನ ಪಟ್ಟವನು ನಾನು, ನನ್ನ ಮೂಗಿನ ಮೇಲೊಂದು ಪಡಲಿಲ್ಲ. ಎಷ್ಟು ದಿನದಿಂದ ಅವ್ವನಿಗೆ ಏನೂ ಕಾಣುತ್ತಿಲ್ಲವೋ! ಎದುರಿಗೆ ಬೆರಳಾಡಿಸಿ ಎಷ್ಟು ಕಾಣುತ್ತದೆ ಎಂದು ಕೇಳುವುದು ನನ್ನ ದಿನನಿತ್ಯದ ಕೆಲಸ. ಅವತ್ತು ಕೈ ಏಳಲಿಲ್ಲ.

ನಾನು ತಡವಾಗಿ ಬಂದಿದ್ದೆ. ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದೆ. ಇದು ನಮ್ಮ ಅಟ್ಟದ್ದಲ್ಲ, ನಿನ್ನ ತವರಿನ ಅಟ್ಟದ್ದು, ತಾತ ಮೊಳೆ ಹೊಡೆದಿದ್ದು, ನೀನೂ ಚಿಕ್ಕವ್ವನೂ ನೋಡಿದ ಸಿನಿಮಾ ಇದೇ ಎಂದೆ.

ಅವ್ವ ಇನ್ನೊಮ್ಮೆ ಕಾಗದವನ್ನು ಮುಖಕ್ಕೆ ಹಿಡಿದಳು. ಈ ಸಲ ಬಹಳ ಹೊತ್ತು ಹಿಡಿದುಕೊಂಡಳು. ಆಮೇಲೆ ಅವಳಿಗೂ ತಂಗಿಯ ಹಾಗೆಯೇ ನಗು ಬಂತು.

“ನಾನೆಲ್ಲಪ್ಪ ನೋಡ್ದೆ? ಟಿಕೀಟು ತಗೊಂಡು ಬಾಗ್ಲಿಗೆ ಬಂದ್ರೆ ಬಸುರೀರು ನೋಡ್ಬಾರ್ದು ಅಂತ ಬೋರ್ಡು. ನಿನ್ ಚಿಕ್ಕವ್ವ ವಾಪಸ್ ಬರಾಕೆ ಒಪ್ಪಲಿಲ್ಲ. ಒಳಗಿರೋ ಕೂಸು ಹೆದರ್ಕಂಡಾತು ಅಂತ ಕಣ್ಣಿಗೆ ಸೆರಗು ಮುಚ್ಕಂಡು ಕೂತ್ಕಂಡೆ. ಆಟ ಮುಗಿಯೋಗಂಟ ತೆಗೀಲಿಲ್ಲ.”

ಅಂದರೆ ನನ್ನ ಬುದ್ಧಿಗೆ ಯಾವ ದೆವ್ವವೂ ಕಾರಣವಲ್ಲ. ಅವ್ವ ನನ್ನನ್ನು ಅದರ ಕಣ್ಣಿಗೆ ಬೀಳದ ಹಾಗೆ ಕಾಪಾಡಿಕೊಂಡೇ ಬಂದಿದ್ದಳು. ಅಜ್ಜಿಗೆ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಹೇಳದೆ ಕೇಳದೆ ಸಿನಿಮಾಕ್ಕೆ ಹೋದದ್ದಂತೂ ನಿಜ ತಾನೇ ಎಂದಳು. ಹಾಗಾದರೆ ನನಗೆ ಈ ಅನುಮಾನದ ಬುದ್ಧಿ ಎಲ್ಲಿಂದ ಬಂತು? ನಿಮ್ಮಪ್ಪನ ಕಡೆಯಿಂದ, ಇನ್ನೆಲ್ಲಿಂದ ಎಂದಳು. ಗಿರಿಜಾ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಆ ಸಿನಿಮಾವನ್ನು ನೋಡೇ ಇಲ್ಲದವಳು, ಕಣ್ಣು ಚೆನ್ನಾಗಿದ್ದ ಕಾಲದಿಂದಲೂ ತಂದದ್ದಕ್ಕೆಲ್ಲ ಇದಲ್ಲ, ಇದಲ್ಲ ಎಂದು ಯಾಕೆ ಹೇಳುತ್ತಾ ಬಂದಳು? ಒಂದು ದಿನ ಯಾವುದೋ ಒಂದಕ್ಕೆ ಇದೇ ಎಂದಿದ್ದರೆ ನನ್ನ ಅಲೆದಾಟ ಮುಗಿಯುತ್ತಿತ್ತಲ್ಲ ಎಂದೆ.

ಅವ್ವ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

“ಇದೇ ಅಂದಿದ್ರೆ ನೀನು ನಂಬ್ತಿದ್ದೇನಪ್ಪ?”

ಭೂತಗನ್ನಡಿ ಇನ್ನೂ ನನ್ನ ಜೇಬಿನಲ್ಲಿತ್ತು.

ಹೋಗ್ಲಿ ಬುಡು, ಅದ್ರಲ್ಲಿ ಏನೈತೆ ಹೇಳು ಎಂದಳು ಅವ್ವ. ನಾನು ಪೋಸ್ಟರನ್ನು ತೊಡೆಯ ಮೇಲೆ ಹರವಿಕೊಂಡು ಮೇಲಿನಿಂದ ಹೇಳುತ್ತಾ ಬಂದೆ. ಆಕಾಶ ಕೆಂಪಗಿದೆ. ಎತ್ತುಗಳಿಲ್ಲದ ಗಾಡಿಯೊಂದು ನಿಂತಿದೆ. ಮುಂದೆ ಒಂದು ಬಾವಿ, ಬಾವಿಯ ಕಟ್ಟೆಯ ಮೇಲೆ ಎರಡು ಕೈ. ಅವ್ವ ಕಂಬದಿಂದ ಸ್ವಲ್ಪ ಮುಂದಕ್ಕೆ ಬಂದು ಕಿವಿಗೊಟ್ಟು ಕೇಳುತ್ತಿದ್ದಳು. ಈಗ ದೆವ್ವದ ಮುಖ ಮೇಲೆ ಬರ್ತಾ ಇದೆ ಅವ್ವ, ಎಂದೆ.

ಅವ್ವ ಸೆರಗು ಎಳೆದು ಕಣ್ಣು ಮುಚ್ಚಿಕೊಂಡಳು.